ನೆಲದ ಆಮೆಗೆ ನೀರು: ಮೀಯಿಸುವ ಕ್ರಮ, ಕುಡಿಸುವ ಕ್ರಮ

ಕನ್ನಡದಲ್ಲಿ ಆಮೆ ಎಂಬುದು ಒಂದೇ ಮಾತು. ಕಡಲ ತೀರಕ್ಕೆ ಬಂದು ಮೊಟ್ಟೆಯಿಡುವುದೂ ಆಮೆಯೇ, ದೇವಸ್ಥಾನದ ಪುಷ್ಕರಣಿಯಲ್ಲಿ ತಲೆಯೆತ್ತಿ ನೋಡುವುದೂ ಆಮೆಯೇ, ಬಯಲುಸೀಮೆಯ ಕುರುಚಲು ಪೊದೆಯಡಿ ಹುಲ್ಲು ಮೇಯುವುದೂ ಆಮೆಯೇ. ಮೊದಲಿನ ಎರಡು ನೀರಿನಲ್ಲಿ ಬಾಳುವಂಥವು. ಮೂರನೆಯದು ನೆಲದ ಮೇಲೆ ಹುಟ್ಟಿ ನೆಲದ ಮೇಲೆಯೇ ಬಾಳುವ ಜೀವಿ; ಅದಕ್ಕೆ ಈಜು ಬಾರದು. ಹೆಸರು ಒಂದೇ ಆಗಿರುವುದರಿಂದ ಈ ಭೇದ ಎಷ್ಟೋ ಜನರ ಗಮನಕ್ಕೆ ಬರುವುದಿಲ್ಲ. ಮನೆಗೆ ಬಂದ ನೆಲದ ಆಮೆಯನ್ನು ಮೀನಿನ ತೊಟ್ಟಿಗೋ ತುಂಬಿದ ಬಕೆಟ್ಟಿಗೋ ಬಿಡುವುದು ಈ ಕಾರಣದಿಂದಲೇ. ಹಾಗೆ ಬಿಟ್ಟ ಆಮೆ ಕೆಲವೇ ನಿಮಿಷಗಳಲ್ಲಿ ದಣಿದು ತಳ ಸೇರಬಹುದು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಒಂದಿದೆ. ಒಣನಾಡಿನ ಪ್ರಾಣಿಗೆ ನೀರು ಬೇಕಿಲ್ಲ, ಸೊಪ್ಪಿನಲ್ಲಿರುವ ತೇವವೇ ಸಾಕು ಎಂದು ಭಾವಿಸಿ ವಾರಗಟ್ಟಲೆ ನೀರನ್ನೇ ತೋರಿಸದಿರುವುದು ಆ ತಪ್ಪು. ಮೊದಲನೆಯದು ಆಮೆಯನ್ನು ಒಮ್ಮೆಗೇ ಕೊಲ್ಲುತ್ತದೆ, ಎರಡನೆಯದು ತಿಂಗಳುಗಟ್ಟಲೆ ಒಳಗಿನಿಂದ ಸವೆಸಿ ಕೊಲ್ಲುತ್ತದೆ. ಇವೆರಡರ ನಡುವೆ, ಆಮೆಯ ಗದ್ದ ಮುಟ್ಟದಷ್ಟು ನೀರಿನಲ್ಲಿ ಅದನ್ನು ಸ್ವಲ್ಪ ಹೊತ್ತು ನಿಲ್ಲಿಸುವುದೇ ಸರಿಯಾದ ಕ್ರಮ. ಇದನ್ನು ಸ್ನಾನವೆಂದು ಕರೆಯುವುದು ರೂಢಿಯಾದರೂ ಇದರ ಮುಖ್ಯ ಉದ್ದೇಶ ಮೈತೊಳೆಯುವುದಲ್ಲ, ನೀರು ಕುಡಿಸುವುದು.

ಗುರುತಿಸುವ ಬಗೆ

ನೆಲದ ಆಮೆಯ ಕಾಲುಗಳು ಆನೆಯ ಕಾಲಿನಂತೆ ಕಂಬದ ಆಕಾರದಲ್ಲಿರುತ್ತವೆ. ಬೆರಳುಗಳ ನಡುವೆ ಜಾಲಪೊರೆ ಇರುವುದಿಲ್ಲ. ಬೆನ್ನುಚಿಪ್ಪು ಸಾಮಾನ್ಯವಾಗಿ ಎತ್ತರವಾಗಿ ಗುಮ್ಮಟದಂತೆ ಉಬ್ಬಿರುತ್ತದೆ. ನೀರಿನ ಆಮೆಯ ಕಾಲು ಚಪ್ಪಟೆ, ಬೆರಳುಗಳ ನಡುವೆ ಪೊರೆ, ಚಿಪ್ಪು ತಗ್ಗು. ಅಂಗಡಿಗಳಲ್ಲಿ ಗಾಜಿನ ತೊಟ್ಟಿಯಲ್ಲಿಟ್ಟು ಮಾರುವ, ಕಣ್ಣಿನ ಹಿಂದೆ ಕೆಂಪು ಪಟ್ಟೆಯುಳ್ಳ ಪುಟ್ಟ ಹಸಿರು ಆಮೆ ನೀರಿನದು. ಈ ಲೇಖನದ ಸಲಹೆಗಳು ಅದಕ್ಕೆ ಅನ್ವಯಿಸುವುದಿಲ್ಲ.

ಯಾವುದನ್ನು ಸಾಕಬಹುದು?

ಕರ್ನಾಟಕದಲ್ಲಿ ನೆಲದ ಆಮೆ ಎಂದಾಗ ಮೊದಲು ನೆನಪಾಗುವುದು ಹಳದಿ ನಕ್ಷತ್ರಗಳ ಚಿತ್ತಾರವುಳ್ಳ ನಕ್ಷತ್ರ ಆಮೆ. ಇದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು ಇವೆಲ್ಲವೂ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯು ಇದನ್ನು ಅತ್ಯುನ್ನತ ರಕ್ಷಣೆಯ ಒಂದನೇ ಅನುಸೂಚಿಗೆ ಸೇರಿಸಿತು. ತಿದ್ದುಪಡಿಯು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳ ಸೆರೆವಾಸವನ್ನು ಕಾನೂನು ವಿಧಿಸುತ್ತದೆ. ಸಂಪತ್ತು ತರುತ್ತದೆಂಬ ನಂಬಿಕೆಯಿಂದ ಇಟ್ಟುಕೊಂಡಿದ್ದರೂ ಕಾನೂನಿನಲ್ಲಿ ವಿನಾಯಿತಿ ಇಲ್ಲ.

ಭಾರತದಲ್ಲಿ ಸಾಕುವವರ ಬಳಿ ಕಾಣಸಿಗುವ ವಿದೇಶಿ ನೆಲದ ಆಮೆಗಳಲ್ಲಿ ಮುಖ್ಯವಾದುದು ಆಫ್ರಿಕಾದ ಸಲ್ಕಾಟಾ. ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ಬಾಳುವ ಈ ಆಮೆ ಮರಿಯಾಗಿದ್ದಾಗ ಅಂಗೈಯಲ್ಲಿ ಹಿಡಿಸುವಂತಿದ್ದರೂ ಬೆಳೆದಾಗ 50 ಕಿಲೋಗ್ರಾಂ ಮೀರಬಲ್ಲದು. ಇದು ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವುದರಿಂದ, 2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳ ಪ್ರಕಾರ ಸಾಕುವವರು ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಯೂರೋಪ್, ಅಮೆರಿಕಗಳಲ್ಲಿ ನೆಲೆಸಿರುವವರು ಸಾಮಾನ್ಯವಾಗಿ ಹರ್ಮನ್ ಆಮೆ, ರಷ್ಯನ್ ಆಮೆ ಮೊದಲಾದವನ್ನು ಸಾಕುತ್ತಾರೆ. ನೀರಿನ ವಿಷಯದಲ್ಲಿ ಇವೆಲ್ಲಕ್ಕೂ ಮೂಲನಿಯಮ ಒಂದೇ.

ದೇಹದೊಳಗೆ ನೀರಿನ ಲೆಕ್ಕಾಚಾರ

ಮನುಷ್ಯನ ದೇಹ ಸಾರಜನಕದ ತ್ಯಾಜ್ಯವನ್ನು ಯೂರಿಯಾ ರೂಪದಲ್ಲಿ, ಸಾಕಷ್ಟು ನೀರಿನಲ್ಲಿ ಕರಗಿಸಿ ಹೊರಹಾಕುತ್ತದೆ. ಒಣನಾಡಿನ ಆಮೆಗೆ ಅಷ್ಟು ನೀರು ಖರ್ಚುಮಾಡುವ ಅನುಕೂಲವಿಲ್ಲ. ಅದು ಆ ತ್ಯಾಜ್ಯದ ಬಹುಭಾಗವನ್ನು ಯೂರಿಕ್ ಆಮ್ಲ ಮತ್ತು ಅದರ ಲವಣಗಳನ್ನಾಗಿ ಮಾರ್ಪಡಿಸುತ್ತದೆ. ಇವು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ; ಬಿಳಿಯ ಗಂಜಿಯಂತೆ ಹೊರಬರುತ್ತವೆ. ಆಮೆಯ ಮೂತ್ರದ ಜೊತೆ ಕಾಣುವ ಸುಣ್ಣದಂಥ ವಸ್ತು ಇದೇ. ಇದು ರೋಗದ ಚಿಹ್ನೆಯಲ್ಲ.

ಮೂತ್ರಕೋಶವು ಆಮೆಗೆ ನೀರಿನ ಉಗ್ರಾಣವೂ ಹೌದು. ಮಳೆಗಾಲದಲ್ಲಿ ಕುಡಿದ ನೀರು ತಿಳಿಯಾದ ಮೂತ್ರವಾಗಿ ಅಲ್ಲಿ ಸಂಗ್ರಹವಾಗುತ್ತದೆ. ಬೇಸಿಗೆಯಲ್ಲಿ ದೇಹ ಅದನ್ನೇ ಮರಳಿ ಹೀರಿಕೊಳ್ಳುತ್ತದೆ. ಅಮೆರಿಕದ ಮೊಹಾವೆ ಮರುಭೂಮಿಯ ಆಮೆಯಲ್ಲಿ ಈ ವ್ಯವಸ್ಥೆಯನ್ನು ವಿಜ್ಞಾನಿಗಳು ಬಹುಕಾಲದಿಂದ ಅಧ್ಯಯನ ಮಾಡಿದ್ದಾರೆ. ಆ ಆಮೆ ಮಳೆಯ ಸೂಚನೆ ಸಿಕ್ಕಾಗ ನೆಲವನ್ನು ಕೆರೆದು ತಗ್ಗು ಮಾಡಿ, ಅದರಲ್ಲಿ ನಿಂತ ನೀರನ್ನು ಕುಡಿಯುತ್ತದೆ. ಒಮ್ಮೆ ತುಂಬ ಕುಡಿದರೆ ಮುಂದೆ ಹಲವು ತಿಂಗಳು ನೀರಿಲ್ಲದೆ ಬದುಕಬಲ್ಲದು. ಅದನ್ನು ಯಾರಾದರೂ ಎತ್ತಿದರೆ ಹೆದರಿ ಮೂತ್ರ ಬಿಟ್ಟುಬಿಡುತ್ತದೆ. ಬೇಸಿಗೆಯ ಸಂಗ್ರಹವೆಲ್ಲ ಹೀಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಆದಕಾರಣ ಕಾಡಿನ ಆಮೆಯನ್ನು ಮುಟ್ಟಬಾರದೆಂದು ಅಲ್ಲಿನ ಪ್ರವಾಸಿಗರಿಗೆ ಸೂಚನೆ ನೀಡಲಾಗುತ್ತದೆ.

ಸಾಕಿದ ಆಮೆಗೆ ನೆಲ ಕೆರೆದು ಮಳೆನೀರು ಹಿಡಿಯುವ ಸ್ವಾತಂತ್ರ್ಯವಿಲ್ಲ. ದೀಪದ ಶಾಖ, ಫ್ಯಾನಿನ ಗಾಳಿ, ಒಣಗಿದ ಹಾಸು ಇವೆಲ್ಲ ಅದರ ದೇಹದ ತೇವವನ್ನು ಸೆಳೆಯುತ್ತಲೇ ಇರುತ್ತವೆ. ನೀರು ಸಾಲದಾದಾಗ ಬಿಳಿಯ ಗಂಜಿ ಗಟ್ಟಿಯಾಗಿ ಮೊದಲು ಮರಳಿನಂತಾಗುತ್ತದೆ, ಕ್ರಮೇಣ ಮೂತ್ರಕೋಶದಲ್ಲಿ ಕಲ್ಲಾಗಬಹುದು. ಯೂರಿಕ್ ಆಮ್ಲದ ಹರಳುಗಳು ಮೂತ್ರಪಿಂಡಗಳಲ್ಲಿ, ಕೀಲುಗಳಲ್ಲಿ ಕೂಡಿಕೊಂಡು ಗೌಟ್ ಬಾಧೆ ಉಂಟಾಗಬಹುದು. ಹೊರಗೆ ಲಕ್ಷಣ ಕಾಣುವ ಹೊತ್ತಿಗೆ ಒಳಗಿನ ಹಾನಿ ಬಹಳ ಮುಂದುವರಿದಿರುತ್ತದೆ.

ಮೀಯಿಸುವ ವಿಧಾನ

ಪಾತ್ರೆ: ತಳ ಸಮವಾಗಿರುವ, ಆಮೆ ತಿರುಗಾಡುವಷ್ಟು ಅಗಲದ ಪ್ಲಾಸ್ಟಿಕ್ ಬೇಸಿನ್ ಸಾಕು. ಪಾರದರ್ಶಕವಲ್ಲದ ಪಾತ್ರೆ ಒಳ್ಳೆಯದು. ಆಚೆಗೆ ಕಂಡರೆ ಆಮೆ ಗೋಡೆಯನ್ನು ತಳ್ಳುತ್ತಾ ದಣಿಯುತ್ತದೆ. ತಳ ಜಾರುವಂತಿದ್ದರೆ ಹಳೆಯ ಬಟ್ಟೆಯ ತುಂಡೊಂದನ್ನು ಹಾಸಬಹುದು. ಈ ಪಾತ್ರೆಯನ್ನು ಅಡಿಗೆಮನೆಗಾಗಲಿ ಬೇರೆ ಕೆಲಸಕ್ಕಾಗಲಿ ಬಳಸಕೂಡದು.

ಆಳ: ಆಮೆ ನಾಲ್ಕೂ ಕಾಲುಗಳನ್ನು ಊರಿ ನಿಂತಾಗ, ಬೆನ್ನುಚಿಪ್ಪು ಮತ್ತು ಹೊಟ್ಟೆಚಿಪ್ಪು ಪಕ್ಕದಲ್ಲಿ ಕೂಡುವ ಅಂಚಿನವರೆಗೆ ನೀರಿರಬೇಕು. ಆಮೆ ದಣಿದು ತಲೆ ಇಳಿಸಿದರೂ ಮೂಗು ಮುಳುಗಬಾರದು. ಬೇಕೆಂದಾಗ ಬಾಯಿ ಅದ್ದಿ ಕುಡಿಯಲು ಸಾಧ್ಯವಾಗಬೇಕು. ಅನುಮಾನವಿದ್ದರೆ ನೀರನ್ನು ಕಡಿಮೆ ಮಾಡುವುದೇ ಕ್ಷೇಮ.

ಶಾಖ: ನೀರು ಉಗುರು ಬೆಚ್ಚಗಿರಬೇಕು. ಅಂದರೆ ಸುಮಾರು 28ರಿಂದ 32 ಡಿಗ್ರಿ ಸೆಲ್ಸಿಯಸ್. ಮುಂಗೈಯ ಒಳಭಾಗಕ್ಕೆ ಬಿಸಿಯೂ ಅಲ್ಲದೆ ತಣ್ಣಗೂ ಅಲ್ಲದೆ ತೋರಿದರೆ ಸರಿ. ಮನುಷ್ಯರ ಅಭ್ಯಂಜನದ ಬಿಸಿನೀರು ಆಮೆಗೆ ಅಪಾಯಕಾರಿ. ತಣ್ಣೀರೂ ಒಳ್ಳೆಯದಲ್ಲ. ಆಮೆಗೆ ತನ್ನ ದೇಹದ ಶಾಖವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿಯಿಲ್ಲ. ತಣ್ಣೀರಿನಲ್ಲಿ ಅದು ಜಡವಾಗುತ್ತದೆ, ಕುಡಿಯುವುದಿಲ್ಲ. ನೀರು ಆರುತ್ತಾ ಬಂದರೆ ಬೇರೆ ಪಾತ್ರೆಯಲ್ಲಿ ಬೆರೆಸಿ ಹದಮಾಡಿದ ನೀರನ್ನು ಸೇರಿಸಬೇಕೇ ಹೊರತು ಕಾದ ನೀರನ್ನು ನೇರವಾಗಿ ಸುರಿಯಬಾರದು.

ಅವಧಿ: 15ರಿಂದ 20 ನಿಮಿಷ ಸಾಕು. ಅಷ್ಟು ಹೊತ್ತೂ ಒಬ್ಬರು ಹತ್ತಿರದಲ್ಲಿರಬೇಕು. ಬಾಗಿಲ ಗಂಟೆ ಬಾರಿಸಿತೆಂದು ಎದ್ದುಹೋಗುವುದಾದರೆ ಆಮೆಯನ್ನು ಮೊದಲು ನೀರಿನಿಂದ ತೆಗೆದೇ ಹೋಗಬೇಕು. ಮಗುಚಿಬಿದ್ದ ಆಮೆಯ ಮೂಗು ಎರಡು ಬೆರಳು ನೀರಿನಲ್ಲೂ ಮುಳುಗಬಲ್ಲದು.

ಎಷ್ಟು ಸಲ: ಮರಿಗಳ ದೇಹದಲ್ಲಿ ನೀರಿನ ಸಂಗ್ರಹ ಕಡಿಮೆ, ಆರುವಿಕೆ ಹೆಚ್ಚು. ಆದ್ದರಿಂದ ಮೊದಲ ವರ್ಷದ ಮರಿಗಳಿಗೆ ದಿನಕ್ಕೊಮ್ಮೆ ಈ ಸ್ನಾನ ಹಿತ. ಬೆಳೆದವುಗಳಿಗೆ ವಾರಕ್ಕೆ ಒಂದೆರಡು ಸಲ ಸಾಕಾಗುತ್ತದೆ. ಕಡುಬೇಸಿಗೆಯಲ್ಲಿ ಮತ್ತು ಒಣಗಾಳಿ ಬೀಸುವ ದಿನಗಳಲ್ಲಿ ಹೆಚ್ಚಿಸಬಹುದು.

ಹೊತ್ತು: ಬೆಳಗಿನ ಹೊತ್ತು ಉತ್ತಮ. ಮಿಂದ ಮೇಲೆ ಒಣಬಟ್ಟೆಯಿಂದ ಕಾಲು, ಕೊರಳು, ಚಿಪ್ಪನ್ನು ಮೆಲ್ಲಗೆ ಒತ್ತಿ ಒರೆಸಿ ಬಿಸಿಲು ಅಥವಾ ದೀಪದ ಶಾಖವಿರುವ ಕಡೆ ಬಿಡಬೇಕು. ಸಂಜೆ ಮೀಯಿಸಿ ಒದ್ದೆಮೈಯಲ್ಲೇ ತಣ್ಣನೆಯ ಮೂಲೆಗೆ ಬಿಟ್ಟರೆ ಶ್ವಾಸಕೋಶದ ಸೋಂಕಿಗೆ ದಾರಿಯಾಗುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳ ಚಳಿಯಲ್ಲಿ ಈ ಎಚ್ಚರ ವಿಶೇಷವಾಗಿ ಬೇಕು.

ಬೆಳೆದ ಸಲ್ಕಾಟಾದಂಥ ಭಾರಿ ಆಮೆಯನ್ನು ಎತ್ತಿ ಬೇಸಿನ್‌ನಲ್ಲಿಡುವುದು ಸಾಧ್ಯವಿಲ್ಲ. ಅಂಗಳದಲ್ಲಿ ಇಳಿಜಾರಿನ ಅಂಚುಳ್ಳ ಆಳವಿಲ್ಲದ ಸಿಮೆಂಟಿನ ತಗ್ಗು ಮಾಡಿಸಿ, ನೀರನ್ನು ಆಗಾಗ ಬದಲಿಸುತ್ತಿದ್ದರೆ ಆಮೆ ತಾನಾಗಿಯೇ ಇಳಿದು ಕುಡಿದು ಹತ್ತಿ ಬರುತ್ತದೆ. ಅಂಚು ನೇರವಾಗಿದ್ದರೆ ಹತ್ತಲಾಗದೆ ಸಿಕ್ಕಿಬೀಳಬಹುದು.

ನೀರಿನಲ್ಲಿ ಗಮನಿಸಬೇಕಾದದ್ದು

ಆಮೆ ನಾಯಿಯಂತೆ ನಾಲಿಗೆಯಿಂದ ನೆಕ್ಕಿ ಕುಡಿಯುವುದಿಲ್ಲ. ಬಾಯನ್ನೂ ಮೂಗನ್ನೂ ನೀರಿನಲ್ಲಿ ಅದ್ದಿ, ಗಂಟಲನ್ನು ಉಬ್ಬಿಸಿ ಇಳಿಸಿ ಹೀರುತ್ತದೆ. ಹೊಸದಾಗಿ ಸಾಕುವವರು ಇದನ್ನು ಕಂಡು ಮುಳುಗುತ್ತಿದೆಯೆಂದು ಹೆದರುವುದುಂಟು. ಗಂಟಲು ಲಯಬದ್ಧವಾಗಿ ಆಡುತ್ತಿದ್ದರೆ ಅದು ಕುಡಿಯುತ್ತಿದೆಯೆಂದೇ ಅರ್ಥ. ಆಗ ಮುಟ್ಟಬಾರದು, ಸದ್ದು ಮಾಡಬಾರದು. ಚಿಪ್ಪಿನ ಮೂಲಕ ಆಮೆ ನೀರು ಹೀರುತ್ತದೆಂಬ ಮಾತು ಸರಿಯಲ್ಲ. ನೀರು ಒಳಸೇರುವ ಮುಖ್ಯದ್ವಾರ ಬಾಯಿಯೇ.

ಬೆಚ್ಚನೆಯ ನೀರಿನಲ್ಲಿ ನಿಂತ ಆಮೆ ಸಾಮಾನ್ಯವಾಗಿ ಮಲಮೂತ್ರ ವಿಸರ್ಜಿಸುತ್ತದೆ. ಕೂಡಲೇ ನೀರನ್ನು ಬದಲಿಸಬೇಕು, ಏಕೆಂದರೆ ಅದು ಅದೇ ನೀರನ್ನು ಕುಡಿಯುತ್ತದೆ. ಚೆಲ್ಲುವ ಮುನ್ನ ಬಿಳಿಯ ವಸ್ತುವನ್ನು ಒಮ್ಮೆ ನೋಡುವುದು ಲೇಸು. ಅದು ಗಂಜಿಯಂತೆ ಅಥವಾ ಮೊಸರಿನಂತೆ ಮೆತ್ತಗಿದ್ದರೆ ದೇಹದಲ್ಲಿ ನೀರು ಸಾಕಷ್ಟಿದೆ. ಬೆರಳಿಗೆ ರವೆಯಂತೆ ಒರಟಾಗಿ ತಾಕಿದರೆ ನೀರು ಸಾಲದೆಂದು ತಿಳಿಯಬೇಕು. ಗಟ್ಟಿ ಉಂಡೆಗಳಾಗಿದ್ದರೆ ವೈದ್ಯರ ಬಳಿ ಹೋಗಬೇಕು. ಮನೆಯವರ ಕೈಯಲ್ಲಿರುವ ಅತ್ಯಂತ ಸುಲಭದ ಪರೀಕ್ಷೆ ಇದು.

ಮಾಡಬಾರದವು

ಸೋಪು, ಶಾಂಪೂ, ಸೋಂಕುನಿವಾರಕ ದ್ರಾವಣಗಳನ್ನು ನೀರಿಗೆ ಬೆರೆಸಕೂಡದು. ಕೊಳೆ ಅಂಟಿದ್ದರೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಗುರವಾಗಿ ಉಜ್ಜಬಹುದು. ಚಿಪ್ಪು ಎಂಬುದು ಸತ್ತ ಕವಚವಲ್ಲ. ಹೊರಗಿನ ಕೊಂಬಿನಂಥ ಪದರದ ಕೆಳಗೆ ಜೀವಂತ ಮೂಳೆಯಿದೆ, ರಕ್ತನಾಳಗಳಿವೆ, ನರಗಳಿವೆ. ಜೋರಾಗಿ ತಿಕ್ಕಿದರೆ ಆಮೆಗೆ ಗೊತ್ತಾಗುತ್ತದೆ.

ಹೊಳಪಿಗಾಗಿ ಕೊಬ್ಬರಿ ಎಣ್ಣೆ, ವಾರ್ನಿಷ್, ಪಾಲಿಷ್ ಹಚ್ಚುವುದು ನಿಷ್ಪ್ರಯೋಜಕ ಮಾತ್ರವಲ್ಲ, ಹಾನಿಕರ. ಎಣ್ಣೆಗೆ ಧೂಳು ಅಂಟಿ ಚಿಪ್ಪಿನ ಸಂದುಗಳಲ್ಲಿ ಕೊಳೆ ಕೂಡುತ್ತದೆ. ನಲ್ಲಿಯ ಧಾರೆಯಡಿ ಆಮೆಯನ್ನು ಹಿಡಿಯುವುದೂ ತಪ್ಪು. ತಲೆಯನ್ನು ಬಲವಂತವಾಗಿ ನೀರಿಗೆ ಅದ್ದಬಾರದು. ಪಿಚಕಾರಿಯಿಂದಲೋ ಚಮಚದಿಂದಲೋ ಬಾಯಿಗೆ ನೀರು ಹೊಯ್ಯಬಾರದು. ಆಮೆಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ಶ್ವಾಸಕೋಶ ಸೇರುವ ಸಂಭವ ಹೆಚ್ಚು.

ಸ್ನಾನವಿಲ್ಲದ ಹೊತ್ತಿನಲ್ಲಿ

ಸ್ನಾನ ಮಾಡಿಸುತ್ತೇವೆಂದು ಕುಡಿಯುವ ನೀರನ್ನು ತಪ್ಪಿಸಕೂಡದು. ಹೂಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆ ಇದಕ್ಕೆ ಬಹಳ ಅನುಕೂಲ. ತಟ್ಟೆಯ ಅಂಚು ನೆಲಕ್ಕೆ ಸಮನಾಗುವಂತೆ ಮಣ್ಣಿನಲ್ಲಿ ಹೂಳಿದರೆ ಆಮೆ ಎಡವದೆ ಹತ್ತಿಳಿಯುತ್ತದೆ. ನೀರನ್ನು ದಿನವೂ ಬದಲಿಸಬೇಕು. ಎತ್ತರದ ಅಂಚಿನ ಬಟ್ಟಲಿನಲ್ಲಿ ಮರಿಯಾಮೆ ಮಗುಚಿಬಿದ್ದು ಸಾಯುವ ಅಪಾಯವಿದೆ.

ಗಾಳಿಯ ತೇವವೂ ಮುಖ್ಯ. ಸಲ್ಕಾಟಾ ಮರಿಗಳ ಮೇಲೆ ಆಸ್ಟ್ರಿಯಾದ ಸಂಶೋಧಕರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಣಗಾಳಿಯಲ್ಲಿ ಬೆಳೆದ ಮರಿಗಳ ಚಿಪ್ಪಿನ ಮೇಲೆ ಗೋಪುರಗಳಂಥ ಉಬ್ಬುಗಳು ಹೆಚ್ಚಾಗಿ ಏಳುತ್ತವೆಂದೂ, ಇದಕ್ಕೆ ಆಹಾರದ ಪ್ರೋಟೀನಿಗಿಂತ ಗಾಳಿಯ ಒಣಗುವಿಕೆಯೇ ದೊಡ್ಡ ಕಾರಣವೆಂದೂ ತೋರಿಸಿತು. ಮರುಭೂಮಿಯ ಅಂಚಿನ ಪ್ರಾಣಿಗೆ ತೇವವೇಕೆ ಎಂಬ ಪ್ರಶ್ನೆ ಸಹಜ. ಆದರೆ ಕಾಡಿನಲ್ಲಿ ಸಲ್ಕಾಟಾ ಆಳವಾದ ಬಿಲ ತೋಡಿ ಬಿಸಿಲ ಹೊತ್ತನ್ನು ಅದರೊಳಗೆ ಕಳೆಯುತ್ತದೆ, ಬಿಲದೊಳಗಿನ ಗಾಳಿ ಹೊರಗಿನಷ್ಟು ಒಣಗಿರುವುದಿಲ್ಲ. ಮನೆಯಲ್ಲಿ ಇದಕ್ಕೆ ಬದಲಾಗಿ ಒಂದು ಮುಚ್ಚಿದ ಗೂಡಿನಲ್ಲಿ ತೇವದ ಮಣ್ಣನ್ನೋ ತೆಂಗಿನ ನಾರಿನ ಪುಡಿಯನ್ನೋ ಹಾಕಿಡಬಹುದು. ಹಾಸು ತೇವವಾಗಿರಬೇಕು, ಕೆಸರಾಗಬಾರದು.

ಆಹಾರದಿಂದಲೂ ನೀರು ದೊರೆಯುತ್ತದೆ. ಹಸಿರು ಹುಲ್ಲು, ದಾಸವಾಳದ ಎಲೆ ಮತ್ತು ಹೂ, ಮುಳ್ಳು ತೆಗೆದ ಪಾಪಸುಕಳ್ಳಿಯ ಎಲೆ ಒಳ್ಳೆಯವು. ಸೊಪ್ಪನ್ನು ತೊಳೆದು ನೀರು ಸೋರುವಂತೆಯೇ ಇಡಬಹುದು. ಸೌತೆಕಾಯಿಯಲ್ಲಿ ನೀರು ಹೇರಳವಾಗಿದ್ದರೂ ಪೋಷಕಾಂಶ ಕಡಿಮೆ; ಅದು ಆಗೀಗ ಸಾಕು. ಮಾಂಸ, ಮೊಟ್ಟೆ, ನಾಯಿಯ ತಿನಿಸು ಹುಲ್ಲು ಮೇಯುವ ಈ ಆಮೆಗಳಿಗೆ ಸಲ್ಲ. ಪ್ರೋಟೀನ್ ಹೆಚ್ಚಿ ನೀರು ಕಡಿಮೆಯಾದಾಗ ಮೂತ್ರಪಿಂಡದ ಮೇಲೆ ಎರಡೂ ಕಡೆಯಿಂದ ಹೊರೆ ಬೀಳುತ್ತದೆ.

ಅಪಾಯದ ಸೂಚನೆಗಳು

ಕಣ್ಣು ಗುಳಿಬೀಳುವುದು, ಕೊರಳು ಮತ್ತು ಕಾಲಿನ ಬುಡದ ಚರ್ಮ ಜೋಲುವುದು, ಬಾಯಿಯ ಜೊಲ್ಲು ಅಂಟಾಗುವುದು, ಮೇವು ಬಿಡುವುದು, ಎತ್ತಿದಾಗ ಹಗುರವೆನಿಸುವುದು ಇವು ದೇಹದಲ್ಲಿ ನೀರು ಬತ್ತಿದ ಲಕ್ಷಣಗಳು. ಅಡಿಗೆಮನೆಯ ತಕ್ಕಡಿಯಂಥ ಒಂದು ಸಣ್ಣ ತಕ್ಕಡಿಯನ್ನು ಇದಕ್ಕೆಂದೇ ಇಟ್ಟು, ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಇಳಿಕೆ ಬೇಗ ತಿಳಿಯುತ್ತದೆ. ತಲೆ ಎತ್ತಲಾರದಷ್ಟು ನಿತ್ರಾಣವಾದ ಆಮೆಯನ್ನು ನೀರಿಗೆ ಇಳಿಸಲೇಬಾರದು. ಅದಕ್ಕೆ ಪಶುವೈದ್ಯರು ಚುಚ್ಚುಮದ್ದಿನ ಮೂಲಕ ದ್ರವ ಕೊಡಬೇಕಾಗುತ್ತದೆ.

ಆಮೆ ನೀರಿಗೆ ಬಿದ್ದು ಚಲನೆಯಿಲ್ಲದೆ ಸಿಕ್ಕಿದರೆ ಸತ್ತಿದೆಯೆಂದು ಕೂಡಲೇ ತೀರ್ಮಾನಿಸಬಾರದು. ಆಮೆಗಳು ಉಸಿರಿಲ್ಲದೆ ಬಹಳ ಹೊತ್ತು ತಡೆಯಬಲ್ಲವು. ತಲೆ ಕೆಳಮುಖವಾಗುವಂತೆ ಹಿಡಿದು, ಕೊರಳನ್ನು ಮೆಲ್ಲಗೆ ಹೊರಗೆಳೆದು ಮೂಗು ಬಾಯಿಗಳ ನೀರು ಸೋರಿಹೋಗುವಂತೆ ಮಾಡಿ, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ದಾರಿಯಲ್ಲೇ ಚೇತರಿಸಿಕೊಂಡಂತೆ ಕಂಡರೂ ಚಿಕಿತ್ಸೆ ತಪ್ಪಿಸಬಾರದು. ಒಳಗೆ ಉಳಿದ ನೀರಿನಿಂದ ಕೆಲವು ದಿನಗಳ ಮೇಲೆ ನ್ಯುಮೋನಿಯಾ ತೋರಬಹುದು.

ಮನೆಯವರ ಕ್ಷೇಮ

ಆರೋಗ್ಯವಾಗಿ ಕಾಣುವ ಆಮೆಯ ಕರುಳಿನಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳಲ್ಲಿ ಈ ಸೋಂಕು ಹರಡಿದ್ದರಿಂದಲೇ ಅಮೆರಿಕವು 1975ರಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು ನಿಷೇಧಿಸಿತು. ಮೀಯಿಸಿದ ನೀರನ್ನು ಪಾತ್ರೆ ತೊಳೆಯುವ ಸಿಂಕಿಗೆ ಚೆಲ್ಲದೆ ಶೌಚಾಲಯಕ್ಕೆ ಸುರಿಯಬೇಕು. ಆಮೆಯನ್ನು ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳನ್ನು ಈ ಕೆಲಸದಿಂದ ದೂರವಿಡುವುದು ಒಳ್ಳೆಯದು.

ಕಾಡಿನ ಆಮೆ ಕಂಡರೆ

ಕರ್ನಾಟಕದ ಪೂರ್ವದ ಒಣ ಜಿಲ್ಲೆಗಳಲ್ಲಿ, ನೆರೆಯ ಆಂಧ್ರಪ್ರದೇಶ ಮತ್ತು ತಮಿಳುನಾಡುಗಳಲ್ಲಿ ಮಳೆ ಬಿದ್ದೊಡನೆ ನಕ್ಷತ್ರ ಆಮೆಗಳು ಪೊದೆಗಳಿಂದ ಹೊರಬರುತ್ತವೆ. ರಸ್ತೆಯಲ್ಲಿ ಕಂಡ ಆಮೆಯನ್ನು ಕನಿಕರದಿಂದ ಎತ್ತಿಕೊಂಡು ಹತ್ತಿರದ ಕೆರೆಗೋ ಬಾವಿಗೋ ಬಿಟ್ಟರೆ ಅದನ್ನು ಮುಳುಗಿಸಿದಂತೆಯೇ ಆಗುತ್ತದೆ. ಅದು ಯಾವ ಕಡೆಗೆ ಹೊರಟಿತ್ತೋ ಆ ಕಡೆಯ ರಸ್ತೆಯಂಚಿಗೆ ದಾಟಿಸಿ ಬಿಟ್ಟರೆ ಸಾಕು. ಗಾಯವಾಗಿದ್ದರೆ, ಅಥವಾ ಯಾರದೋ ಮನೆಯಲ್ಲಿ, ಅಂಗಡಿಯಲ್ಲಿ ಕಂಡರೆ ಅರಣ್ಯ ಇಲಾಖೆಗೆ ತಿಳಿಸಬೇಕು.

ಈ ಆಮೆಯ ಕಳ್ಳಸಾಗಣೆಯ ಪ್ರಮಾಣ ಸಣ್ಣದಲ್ಲ. ಭಾರತದ ಒಂದೇ ಒಂದು ಸಂಗ್ರಹ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಸಾಗಣೆಯಾಗುತ್ತಿದ್ದುದನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. 2018ರ ನವೆಂಬರಿನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ಬಂದವು. 2019ರಲ್ಲಿ ಸೈಟಿಸ್ ಇದರ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ಸಂಪೂರ್ಣವಾಗಿ ನಿಷೇಧಿಸುವ ಮೊದಲ ಪಟ್ಟಿಗೆ ಸೇರಿಸಿತು. ಚೀಲಗಳಲ್ಲಿ, ಸೂಟ್‌ಕೇಸುಗಳಲ್ಲಿ ಒತ್ತೊತ್ತಾಗಿ ತುಂಬಿ ಸಾಗಿಸುವಾಗ ಅವುಗಳಿಗೆ ಮೇವೂ ಇಲ್ಲ, ನೀರೂ ಇಲ್ಲ. ವಶಪಡಿಸಿಕೊಂಡ ಆಮೆಗಳಿಗೆ ಮೊದಲು ಬೇಕಾಗುವ ಚಿಕಿತ್ಸೆಗಳಲ್ಲಿ ಒಂದು ಈ ಬೆಚ್ಚನೆಯ ತೆಳುನೀರಿನ ಸ್ನಾನವೇ.

ನೆಲದ ಆಮೆ ದೀರ್ಘಾಯುಷಿ. ಸರಿಯಾಗಿ ನೋಡಿಕೊಂಡರೆ ಹಲವು ದಶಕಗಳ ಕಾಲ ಬದುಕುತ್ತದೆ. ಮನೆಗೆ ತಂದವರ ಮಕ್ಕಳ ಕಾಲಕ್ಕೂ ಉಳಿಯಬಹುದು. ಅಷ್ಟು ದೀರ್ಘ ಬಾಳಿಗೆ ಬೇಕಾದ ನೀರು ಎರಡು ಬೆರಳಿನಷ್ಟು ಆಳದ್ದು. ಅದು ಅದಕ್ಕಿಂತ ಹೆಚ್ಚಾಗದಂತೆ ಮತ್ತು ಒಂದು ವಾರವೂ ತಪ್ಪದಂತೆ ನೋಡಿಕೊಳ್ಳುವುದು ಸಾಕುವವರ ಹೊಣೆ.